ಗಡಿಯಾಚೆಯ ಪಾಲುದಾರಿಕೆಗೆ ಬೀಜಧನ: ಅರ್ಜಿ ಹಾಕುವ ಮುಂಚೆ ಸಂಘಗಳು ತಿಳಿದಿರಬೇಕಾದ ಸಂಗತಿ



ಕಳೆದ ಮಳೆಗಾಲದಲ್ಲಿ ಕಳಸದ ಕಡೆಯ ಒಂದು ಸಂಘದ ಇಬ್ಬರು ಪ್ರತಿನಿಧಿಗಳು ನಡಾವಳಿ ಪುಸ್ತಕ ಹಿಡಿದುಕೊಂಡು ನಮ್ಮ ಕಚೇರಿಗೆ ಬಂದರು. ಅವರ ಫೋನಿಗೆ ಒಂದು ಸಂದೇಶ ಬಂದಿತ್ತು. ವಿದೇಶದ ಒಂದು ಸಂಸ್ಥೆ ಅವರ ಸಂಘವನ್ನು ಪಾಲುದಾರಿಕೆಗೆ ಆರಿಸಿದೆ, 15 ಲಕ್ಷ ರೂಪಾಯಿ ಬೀಜಧನ ಮಂಜೂರಾಗಿದೆ, ಫೈಲ್ ಚಾರ್ಜ್ 12,500 ರೂಪಾಯಿ ಕಟ್ಟಿದರೆ ಒಂದು ವಾರದಲ್ಲಿ ಖಾತೆಗೆ ಜಮಾ ಆಗುತ್ತೆ ಅಂತ ಅದರಲ್ಲಿತ್ತು. ಸಂಘದವರು ಸಭೆ ಸೇರಿ, ಉಳಿತಾಯದಿಂದ ಹಣ ತೆಗೆಯೋದು ಅಂತ ನಿರ್ಣಯವನ್ನೂ ಬರೆದಾಗಿತ್ತು. ಅಷ್ಟರಲ್ಲಿ ಹೆಬ್ಬೆಟ್ಟು ಒತ್ತುವ ಹಿರಿಯ ಸದಸ್ಯೆಯೊಬ್ಬರು, "ಕೊಡೋರು ನಮ್ಮತ್ರ ಎಂತಕ್ಕೆ ಕೇಳ್ತಾರೆ? ಒಂದ್ಸಲ ಆಫೀಸಿಗೆ ಹೋಗಿ ಕೇಳ್ಕೊಂಡು ಬನ್ನಿ" ಅಂದರಂತೆ. ಹಾಗಾಗಿ ಬಂದರು, ಹಣ ಉಳಿಯಿತು. ವಾರಕ್ಕೆ 20 ರೂಪಾಯಿಯಂತೆ 12 ಜನ ಒಂದು ವರ್ಷ ಪೂರ್ತಿ ಕಟ್ಟಿದರೆ ಆಗುವ ಮೊತ್ತ 12,480 ರೂಪಾಯಿ. ಆ ಸಂದೇಶ ಕಳಿಸಿದವನು ಕೇಳಿದ್ದು ಅವರ ಒಂದು ವರ್ಷದ ಉಳಿತಾಯವನ್ನು.

ಆದರೆ ಹೋಗುವ ಮುಂಚೆ ಅವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. "ಇದು ಸುಳ್ಳು ಅಂತಾಯ್ತು. ಹಾಗಾದ್ರೆ ನಿಜವಾದ ಬೀಜಧನ ಅನ್ನೋದು ಇದೆಯಾ? ನಮ್ಮಂಥವರಿಗೆ ಸಿಗುತ್ತಾ?" ಇದೆ. ಸಿಗುತ್ತದೆ. ಆದರೆ ಅದು ಬರುವ ದಾರಿ ಬೇರೆ. ಆ ದಾರಿಯನ್ನು ಈ ಸಲದ ಕರಪತ್ರದಲ್ಲಿ ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ಬೀಜಧನ ಅಂದರೆ ಏನು?

ಬೀಜಧನ ಸಾಲ ಅಲ್ಲ, ಸಬ್ಸಿಡಿಯೂ ಅಲ್ಲ. ಒಂದು ಕೆಲಸ ನಮ್ಮ ನೆಲದಲ್ಲಿ ನಡೆಯುತ್ತದೆಯೋ ಇಲ್ಲವೋ ಅಂತ ನೋಡಲು ಕೊಡುವ ಸಣ್ಣ ಮೊತ್ತ ಅದು. ಸಾಮಾನ್ಯವಾಗಿ ಆರು ತಿಂಗಳು, ಒಂದು ವರ್ಷ ಅಷ್ಟೇ ಅವಧಿ. ಗದ್ದೆಗೆಲ್ಲಾ ಹೊಸ ತಳಿ ಹಾಕುವ ಮುಂಚೆ ಒಂದು ಮಡಿಯಲ್ಲಿ ಹಾಕಿ ನೋಡುತ್ತೇವಲ್ಲ, ಹಾಗೆ. ಬೆಳೆದರೆ ಮುಂದಿನ ವರ್ಷ ಹೆಚ್ಚು, ಬೆಳೆಯದಿದ್ದರೆ ಯಾಕೆ ಬೆಳೆಯಲಿಲ್ಲ ಅನ್ನುವ ತಿಳುವಳಿಕೆಯಾದರೂ ಉಳಿಯುತ್ತದೆ.

ನಮ್ಮ ಸ್ವಸಹಾಯ ಸಂಘಗಳೇ ಇಂಥ ಬೀಜಧನದಿಂದ ಬೆಳೆದವು ಅನ್ನುವುದು ಎಷ್ಟು ಜನರಿಗೆ ಗೊತ್ತು? ಟಿಬೆಟಿನ ನಿರಾಶ್ರಿತರಿಗೆ ಕರ್ನಾಟಕದಲ್ಲಿ ನೆಲೆ ಮಾಡಿಕೊಡಲು 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. 1980ರ ದಶಕದ ನಡುವೆ ಅದು ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದವು. ಅದರಲ್ಲಿದ್ದ ಜನ ತಮ್ಮತಮ್ಮಲ್ಲಿ ನಂಬಿಕೆ ಇದ್ದವರನ್ನು ಸೇರಿಸಿಕೊಂಡು ಸಣ್ಣ ಗುಂಪು ಮಾಡಿಕೊಂಡರು. ಇದನ್ನು ನೋಡಿದ ನಬಾರ್ಡ್ 1987ರಲ್ಲಿ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಗುಂಪಿನವರು ಉಳಿಸಿದ ಹಣಕ್ಕೆ ಜೊತೆ ಹಣ ಸೇರಿಸಿ, ತರಬೇತಿ ಕೊಟ್ಟು, ಏನಾಗುತ್ತದೆ ಅಂತ ನೋಡುವುದಕ್ಕೆ. ಬಡ ಹೆಂಗಸರು ಸಾಲ ತೀರಿಸುತ್ತಾರೆ, ಲೆಕ್ಕ ಇಡುತ್ತಾರೆ ಅನ್ನುವುದು ಅದರಿಂದ ಖಾತ್ರಿಯಾಯಿತು. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಗುಂಪುಗಳಿಗೆ ಬ್ಯಾಂಕ್ ಜೋಡಣೆಯ ಪ್ರಯೋಗ ಶುರುಮಾಡಿತು. ಇವತ್ತು ನಮ್ಮ ಸಂಘಕ್ಕೆ ಬ್ಯಾಂಕಿನವರು ಕರೆದು ಸಾಲ ಕೊಡುತ್ತಾರೆ ಅಂದರೆ ಅದರ ಹಿಂದೆ ಆ 10 ಲಕ್ಷದ ಪ್ರಯೋಗ ಇದೆ.

ಆದ್ದರಿಂದ ಅರ್ಜಿಯಲ್ಲಿ ಮೊದಲು ಬರೆಯಬೇಕಾದ್ದು "ನಮಗೆ ಇಷ್ಟು ಹಣ ಬೇಕು" ಅಂತಲ್ಲ. "ನಾವು ಈ ಒಂದು ವಿಷಯ ಮಾಡಿ ನೋಡಬೇಕು ಅಂತಿದ್ದೇವೆ" ಅಂತ.

ಪಾಲುದಾರರು ಅಂದರೆ ಇಬ್ಬರು

ಗಡಿಯಾಚೆಯ ಪಾಲುದಾರಿಕೆಗೆ ಕೊಡುವ ಹಣದಲ್ಲಿ ಒಂದು ವಿಶೇಷ ಇದೆ. ಇಲ್ಲಿ ಒಬ್ಬರು, ಅಲ್ಲಿ ಒಬ್ಬರು, ಇಬ್ಬರೂ ಸೇರಿ ಅರ್ಜಿ ಹಾಕಬೇಕು. ರೋಟರಿಯವರ ಗ್ಲೋಬಲ್ ಗ್ರ್ಯಾಂಟ್ ಇದಕ್ಕೆ ಒಳ್ಳೆಯ ಉದಾಹರಣೆ. ಕೆಲಸ ನಡೆಯುವ ಊರಿನ ಕ್ಲಬ್ ಒಂದು, ಬೇರೆ ದೇಶದ ಕ್ಲಬ್ ಒಂದು ಇರಲೇಬೇಕು. ಊರಿನ ಜನರ ಜೊತೆ ಕೂತು ಅವರಿಗೆ ಬೇಕಾದ್ದೇನು ಅಂತ ಮೊದಲೇ ವಿಚಾರಿಸಿ ಬರೆದುಕೊಟ್ಟಿರಬೇಕು. ಅದರ ಕನಿಷ್ಠ ಯೋಜನಾ ವೆಚ್ಚವೇ 30,000 ಡಾಲರ್, ಅಂದರೆ 25 ಲಕ್ಷ ರೂಪಾಯಿಗೂ ಮೇಲೆ. ಒಂದು ಸಂಘಕ್ಕೆ ಇದು ತೀರಾ ದೊಡ್ಡದು, ಸಂಘವೇ ನೇರವಾಗಿ ಅರ್ಜಿ ಹಾಕಲೂ ಬರುವುದಿಲ್ಲ. ಆದರೆ ತಾಲ್ಲೂಕಿನ ಒಕ್ಕೂಟದವರು ಸೇರಿ ಒಂದು ಬೇಡಿಕೆ ಸಿದ್ಧಪಡಿಸಿದರೆ, ನಮ್ಮ ಊರಿನ ಕ್ಲಬ್ಬಿನವರ ಹತ್ತಿರ ಹೋಗಿ ಮಾತಾಡಬಹುದು. ಅವರಿಗೂ ಇಂಥ ಬೇಡಿಕೆ ಬೇಕಾಗಿರುತ್ತದೆ.

ಧರ್ಮಸಭೆಯ ಕಡೆಯಿಂದ ಬರುವ ಹಣದ ಬಗ್ಗೆಯೂ ಒಂದು ಮಾತು. ಜರ್ಮನಿಯ ಮಿಸೆರಿಯೋರ್ ಸಂಸ್ಥೆ 1958ರಲ್ಲಿ ಶುರುವಾದದ್ದು. ಅಲ್ಲಿನ ಸಾಮಾನ್ಯ ಜನ ತಪಸ್ಸುಕಾಲದಲ್ಲಿ ಖರ್ಚು ಕಡಿಮೆ ಮಾಡಿ ಕಾಣಿಕೆ ಡಬ್ಬಿಗೆ ಹಾಕಿದ ಹಣವೂ ಅದರಲ್ಲಿ ಸೇರಿದೆ. ಫಾರಿನ್ ಹಣ ಅಂದಕೂಡಲೇ ಯಾರೋ ಶ್ರೀಮಂತರ ಎಂಜಲು ಅಂತ ಕೆಲವರು ಮಾತಾಡುತ್ತಾರೆ. ಅದೂ ನಮ್ಮ ವಾರದ ಉಳಿತಾಯದ ಹಾಗೇ ಕೂಡಿದ ಹಣ. ಅದಕ್ಕೇ ಅವರು ಪ್ರತಿ ಬಿಲ್ಲು ಕೇಳುತ್ತಾರೆ, ಕೇಳಿದರೆ ನಾವು ಬೇಸರ ಮಾಡಿಕೊಳ್ಳಬಾರದು.

ಪಾಲುದಾರಿಕೆ ಅಂದಮೇಲೆ "ಅವರಿಗೆ ಏನು ಸಿಗುತ್ತೆ?" ಅನ್ನುವ ಪ್ರಶ್ನೆಗೂ ಉತ್ತರ ಬೇಕು. ನಮ್ಮತ್ರ ಕೊಡೋಕೆ ಏನಿದೆ ಮಾರಾಯ್ರೆ ಅಂತ ಸಭೆಯಲ್ಲಿ ನಗುತ್ತಾರೆ. ಯೋಚನೆ ಮಾಡಿ. ನಮ್ಮ ಹೆಂಗಸರಿಗೆ ಕಾಫಿ ಗಿಡದ ಬುಡದಿಂದ ಕಣದವರೆಗೆ ಎಲ್ಲ ಕೆಲಸ ಗೊತ್ತು. ಕಾಳುಮೆಣಸು ಯಾವ ಹದದಲ್ಲಿ ಕುಯ್ಯಬೇಕು, ಮಳೆಯಲ್ಲಿ ಹಪ್ಪಳ ಬೂಸ್ಟು ಹಿಡಿಯದ ಹಾಗೆ ಹೇಗೆ ಇಡಬೇಕು, ವಾರಕ್ಕೊಮ್ಮೆ ಸಭೆ ಸೇರಿ ಜಗಳ ಆದರೂ ಸಂಘ ಒಡೆಯದ ಹಾಗೆ ಹೇಗೆ ನಡೆಸಬೇಕು, ಇದೆಲ್ಲ ಬೇರೆ ದೇಶದ ಹೆಂಗಸರಿಗೆ ಕಲಿಯುವ ವಿಷಯವೇ. ಶ್ರೀಲಂಕಾದಲ್ಲಿ ಹಲಸಿನ ತೊಳೆಯನ್ನು ಅರೆಬೇಯಿಸಿ ಒಣಗಿಸಿ ಇಟ್ಟುಕೊಂಡು ಮುಂದೆ ಪಲ್ಯ ಮಾಡುತ್ತಾರೆ. ನಾವು ಹಪ್ಪಳ, ಚಿಪ್ಸ್ ಮಾಡುತ್ತೇವೆ. ಇಬ್ಬರೂ ಒಂದು ಕಡೆ ಕೂತರೆ ಇಬ್ಬರಿಗೂ ಲಾಭ.

ಹಣ ಯಾವ ದಾರಿಯಲ್ಲಿ ಬರಬೇಕು?

ಇದು ಎಲ್ಲಕ್ಕಿಂತ ಮುಖ್ಯ, ದಯವಿಟ್ಟು ಸಭೆಯಲ್ಲಿ ಗಟ್ಟಿಯಾಗಿ ಓದಿ. ವಿದೇಶದ ದೇಣಿಗೆ ನಮ್ಮ ಸಂಘದ ಉಳಿತಾಯ ಖಾತೆಗೆ ನೇರವಾಗಿ ಬರುವ ಹಾಗಿಲ್ಲ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅಂತ ಒಂದಿದೆ, ಎಫ್‌ಸಿಆರ್‌ಎ ಅಂತ ಕರೆಯುತ್ತಾರೆ. ಮೊದಲು 1976ರಲ್ಲಿ ಬಂತು, 2010ರಲ್ಲಿ ಹೊಸದಾಗಿ ಮಾಡಿದರು, 2020ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿ ಮಾಡಿ ಇನ್ನೂ ಬಿಗಿ ಮಾಡಿದರು. ಈ ಕಾಯ್ದೆಯಡಿ ಕೇಂದ್ರ ಗೃಹ ಇಲಾಖೆಯಲ್ಲಿ ನೋಂದಣಿ ಆದ ಸಂಸ್ಥೆಗಳು, ಅಥವಾ ಒಂದು ನಿರ್ದಿಷ್ಟ ದಾನಿಯಿಂದ ಒಂದು ನಿರ್ದಿಷ್ಟ ಮೊತ್ತಕ್ಕೆ ಮುಂಚಿತವಾಗಿ ಅನುಮತಿ ಪಡೆದ ಸಂಸ್ಥೆಗಳು ಮಾತ್ರ ವಿದೇಶಿ ದೇಣಿಗೆ ಪಡೆಯಬಹುದು. ನೋಂದಣಿ ಐದು ವರ್ಷಕ್ಕೆ, ಆಮೇಲೆ ನವೀಕರಣ ಮಾಡಿಸಬೇಕು. ಹಣ ಮೊದಲು ಬಂದು ಬೀಳುವುದು ನವದೆಹಲಿಯ ಸಂಸತ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೆ. ಅಲ್ಲಿಂದ ಸಂಸ್ಥೆಯ ಸ್ಥಳೀಯ ಖಾತೆಗೆ.

ಮುಂಚೆ ದೆಹಲಿ, ಬೆಂಗಳೂರಿನ ದೊಡ್ಡ ಸಂಸ್ಥೆಗಳು ವಿದೇಶಿ ಹಣ ಪಡೆದು ಜಿಲ್ಲೆಯ ಸಣ್ಣ ಸಂಸ್ಥೆಗಳಿಗೆ ಹಂಚುತ್ತಿದ್ದವು. 2020ರ ತಿದ್ದುಪಡಿಯಿಂದ ಆ ದಾರಿ ಮುಚ್ಚಿತು. ಪಡೆದ ಸಂಸ್ಥೆಯೇ ಖರ್ಚು ಮಾಡಬೇಕು, ಇನ್ನೊಂದು ಸಂಸ್ಥೆಗೆ ವರ್ಗಾಯಿಸುವ ಹಾಗಿಲ್ಲ. ಕಚೇರಿ ಖರ್ಚು ನೂರಕ್ಕೆ 20 ಮೀರುವ ಹಾಗಿಲ್ಲ, ಮುಂಚೆ 50 ಇತ್ತು. ಸಣ್ಣ ಸಂಸ್ಥೆಗಳಿಗೆ ಇದರಿಂದ ಕಷ್ಟವಾಗಿದೆ ಅನ್ನುವುದು ನಿಜ. ಆದರೆ ಕಾನೂನು ಕಾನೂನೇ.

ಇದರಿಂದ ನಮ್ಮ ಸಂಘಗಳಿಗೆ ಏನು ವ್ಯತ್ಯಾಸ? ಬೀಜಧನ ಮಂಜೂರಾದರೆ ಹಣ ನಿಮ್ಮ ಪಾಸ್ ಬುಕ್ಕಿನಲ್ಲಿ ಕಾಣುವುದಿಲ್ಲ. ಯಂತ್ರ ತರುವುದಾದರೆ ಬಿಲ್ಲು ಸಂಸ್ಥೆಯ ಹೆಸರಲ್ಲಿ, ತರಬೇತಿಯಾದರೆ ಖರ್ಚು ಸಂಸ್ಥೆಯ ಲೆಕ್ಕದಲ್ಲಿ. ಇದನ್ನು ಮೊದಲೇ ಹೇಳದಿದ್ದರೆ ಆಮೇಲೆ ಮನಸ್ತಾಪ ಆಗುತ್ತದೆ. "ನಮ್ಮ ಹೆಸರಲ್ಲಿ ಹಣ ತಂದು ತಾವೇ ಇಟ್ಕೊಂಡ್ರು" ಅನ್ನುವ ಮಾತು ಬರುತ್ತದೆ. ಹಾಗೆ ಮಾತು ಬಂದಿದ್ದೂ ಇದೆ. ಅದಕ್ಕೆ ನನ್ನ ಸಲಹೆ ಇಷ್ಟೇ. ಅರ್ಜಿಗೆ ಸಹಿ ಹಾಕುವ ಮುಂಚೆ ಸಂಸ್ಥೆಯವರನ್ನು ಸಭೆಗೆ ಕರೆದು ನೇರವಾಗಿ ಕೇಳಿ. ಯಂತ್ರ ಯಾರ ಮನೆಯಲ್ಲಿ ಇರುತ್ತೆ? ಕೆಟ್ಟರೆ ರಿಪೇರಿ ಯಾರದ್ದು? ಯೋಜನೆ ಮುಗಿದ ಮೇಲೆ ನಾವು ಬಳಸೋಕೆ ಏನು ವ್ಯವಸ್ಥೆ? ಉತ್ತರವನ್ನು ಬರವಣಿಗೆಯಲ್ಲಿ ಪಡೆದು ನಡಾವಳಿ ಪುಸ್ತಕಕ್ಕೆ ಅಂಟಿಸಿ. ನಮ್ಮ ಕಚೇರಿಯವರನ್ನೂ ಹಾಗೆಯೇ ಕೇಳಬೇಕು, ಸಂಕೋಚ ಬೇಡ.

ಇನ್ನೆರಡು ವಿಷಯಗಳನ್ನು ಹಲವರು ಕೇಳುತ್ತಿರುತ್ತಾರೆ. ಸದಸ್ಯೆಯೊಬ್ಬರ ಮಗಳು ಕುವೈತಿನಲ್ಲಿ ದುಡಿಯುತ್ತಿದ್ದಾಳೆ, ಸಂಘಕ್ಕೆ 5,000 ರೂಪಾಯಿ ಕಳಿಸುತ್ತೇನೆ ಅನ್ನುತ್ತಾಳೆ, ತಪ್ಪಾ? ಅವಳು ಭಾರತದ ಪಾಸ್‌ಪೋರ್ಟಿನವಳಾಗಿದ್ದು, ತನ್ನ ಸ್ವಂತ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಆದರೆ ಬೇರೆ ದೇಶದ ಪೌರತ್ವ ತೆಗೆದುಕೊಂಡವರು, ಅವರು ನಮ್ಮ ಬಾಳೆಹೊನ್ನೂರಿನಲ್ಲೇ ಹುಟ್ಟಿದವರಾದರೂ, ಕೊಟ್ಟರೆ ಅದು ವಿದೇಶಿ ದೇಣಿಗೆಯೇ. ಎರಡನೆಯದು, ಮಾರಾಟ. ನಮ್ಮ ಕಾಳುಮೆಣಸೋ ಕಾಫಿ ಪುಡಿಯೋ ಹೊರದೇಶದವರು ಕ್ರಮವಾಗಿ ಖರೀದಿಸಿ ಅದರ ಬೆಲೆ ಕೊಟ್ಟರೆ ಅದು ವ್ಯಾಪಾರ, ದೇಣಿಗೆ ಅಲ್ಲ. ರಫ್ತಿನ ಕಾಗದಪತ್ರ ಬೇರೆ ಬೇಕಾಗುತ್ತದೆ. ನನ್ನ ಮಟ್ಟಿಗೆ ಹೇಳೋದಾದರೆ, ಕೊನೆಗೆ ಗಿರಾಕಿಯಾಗಿ ಉಳಿಯುವ ಪಾಲುದಾರರೇ ಒಳ್ಳೆಯ ಪಾಲುದಾರರು.

ಒಂದು ಅರ್ಜಿ ಬರೆದು ನೋಡೋಣ

ಮೂಡಿಗೆರೆ ಕಡೆಯ 12 ಜನರ ಒಂದು ಸಂಘ ಅಂದುಕೊಳ್ಳಿ. ಅರ್ಧದಷ್ಟು ಜನ ತೋಟದ ಕೆಲಸಕ್ಕೆ ಹೋಗುವವರು, ಲೈನ್ ಮನೆಯವರೂ ಇದ್ದಾರೆ. ಊರಲ್ಲಿ ಹಲಸು ಬೇಕಾದಷ್ಟು. ಕಾಫಿ ತೋಟದ ನೆರಳಿಗೆ ಬಿಟ್ಟ ಮರಗಳಲ್ಲಿ ಹಣ್ಣು ಕಳಿತು ಬಿದ್ದು ಕೊಳೆಯುತ್ತದೆ. ತೊಳೆ ಒಣಗಿಸಿ ಇಟ್ಟರೆ ವರ್ಷವಿಡೀ ಮಾರಬಹುದು ಅನ್ನುವ ಆಸೆ. ಹೊರದೇಶದ ಒಂದು ಸಣ್ಣ ಮಹಿಳಾ ಸಂಘಟನೆ ಇದರಲ್ಲಿ ಆಸಕ್ತಿ ತೋರಿಸಿದೆ.

ಸಾಮಾನ್ಯವಾಗಿ ಅರ್ಜಿ ಬರೆಯುವವರು ಇಂಥದಕ್ಕೆ ಕೂಡಲೇ "ಸೋಲಾರ್ ಡ್ರೈಯರ್" ಅಂತ ಬರೆದುಬಿಡುತ್ತಾರೆ. ಓದುವವರಿಗೂ ಚೆಂದ ಕಾಣುತ್ತದೆ. ಆದರೆ ನಮ್ಮಲ್ಲಿ ಹಲಸು ಜೋರಾಗಿ ಸಿಗುವುದೇ ಮೇ ಕೊನೆಯಿಂದ ಜುಲೈವರೆಗೆ. ಜುಲೈ ತಿಂಗಳಲ್ಲಿ ಕಳಸ, ಕೊಟ್ಟಿಗೆಹಾರದಲ್ಲಿ ಸೂರ್ಯ ಎಲ್ಲಿದ್ದಾನೆ? ಬಟ್ಟೆ ಒಣಗಿಸಲೇ ಒಲೆಯ ಮೇಲಿನ ಅಟ್ಟ ಬೇಕು. ಕರೆಂಟಿನ ಯಂತ್ರ ಅಂದರೆ ಗಾಳಿ ಮಳೆಗೆ ಮರ ಬಿದ್ದು ಮೂರು ದಿನ ಕರೆಂಟೇ ಇರುವುದಿಲ್ಲ. ಹಾಗಾಗಿ ಸೌದೆಯಲ್ಲಿ ನಡೆಯುವ ಡ್ರೈಯರ್ ಆದೀತೇ, ಹೊಗೆ ವಾಸನೆ ಹಿಡಿಯದ ಹಾಗೆ ಮಾಡಬಹುದೇ ಅನ್ನುವುದೇ ಇಲ್ಲಿನ ನಿಜವಾದ ಪ್ರಶ್ನೆ. ಅದನ್ನೇ ಅರ್ಜಿಯಲ್ಲಿ ಬರೆಯಬೇಕು. ಈ ಪ್ರಶ್ನೆ ಪಟ್ಟಣದಲ್ಲಿ ಕೂತು ಬರೆಯುವವರಿಗೆ ಹೊಳೆಯುವುದಿಲ್ಲ, ನಿಮಗೆ ಮಾತ್ರ ಗೊತ್ತಿರುತ್ತದೆ.

ಮುಂದಿನದು ಈಗಿನ ಸ್ಥಿತಿ. "ನಾವು ಬಡವರು, ಕಷ್ಟದಲ್ಲಿದ್ದೇವೆ" ಅಂತ ಎರಡು ಪುಟ ಬರೆಯುವುದಕ್ಕಿಂತ ನಾಲ್ಕು ಅಂಕಿ ಕೊಡಿ. ನಮ್ಮ ವಾರ್ಡಿನಲ್ಲಿ ಎಷ್ಟು ಹಲಸಿನ ಮರ ಇವೆ, ಅದರಲ್ಲಿ ಮಾಲೀಕರ ಒಪ್ಪಿಗೆ ಸಿಕ್ಕಿರುವುದು ಎಷ್ಟು? (ತೋಟದ ಹಲಸು ತೋಟದವರದ್ದು, ಕೇಳದೆ ಲೆಕ್ಕ ಹಾಕಬೇಡಿ.) ಒಂದು ಕಾಯಿಂದ ಎಷ್ಟು ಕೆ.ಜಿ. ತೊಳೆ ಬಂತು? 10 ಕೆ.ಜಿ. ತೊಳೆ ಒಣಗಿಸಿದ ಮೇಲೆ ಎಷ್ಟು ಉಳಿಯಿತು? ಎಷ್ಟು ಗಂಟೆ ಹಿಡಿಯಿತು? ಒಂದು ಭಾನುವಾರ ಇಬ್ಬರು ಸದಸ್ಯೆಯರು ತಕ್ಕಡಿ ಇಟ್ಟುಕೊಂಡು ಮಾಡಿದರೆ ಈ ಲೆಕ್ಕ ಸಿಗುತ್ತದೆ. ಅಂಥ ಒಂದು ಚೀಟಿ ಅರ್ಜಿಗೆ ಲಗತ್ತಿಸಿದರೆ ಓದುವವರಿಗೆ ನಂಬಿಕೆ ಬರುತ್ತದೆ.

ಇನ್ನು ಬಜೆಟ್. ಲೆಕ್ಕ ಬರೆಯುವ ರೀತಿ ತೋರಿಸಲು ನಾನೇ ಅಂಕಿ ಹಾಕಿದ್ದೇನೆ, ಇದನ್ನೇ ನಕಲು ಮಾಡಬೇಡಿ, ಕೊಟೇಶನ್ ತರಿಸಿ. ಡ್ರೈಯರಿಗೆ 70,000. ತಕ್ಕಡಿ, ಚಾಕು, ಡಬ್ಬ, ಪ್ಯಾಕಿಂಗಿಗೆ 18,000. ತರಬೇತಿಗೆ 20,000. ಆರು ಜನ ಇನ್ನೊಂದು ಊರಿನ ಘಟಕ ನೋಡಿ ಬರಲು 15,000. ಮಾದರಿ ಪರೀಕ್ಷೆಗೆ 12,000. ಪಾಲುದಾರರ ಜೊತೆ ಫೋನಿನಲ್ಲಿ ಮುಖ ನೋಡಿ ಮಾತಾಡುವ ಸಭೆಗಳಿಗೆ, ಭಾಷೆ ತಿಳಿಸಿ ಹೇಳುವವರಿಗೆ 6,000. ವರದಿ, ಲೆಕ್ಕಪತ್ರಕ್ಕೆ 9,000. ಒಟ್ಟು 1,50,000. ಇದು ಬೀಜಧನದಿಂದ ಕೇಳುವುದು.

ಇದರ ಪಕ್ಕದಲ್ಲಿ ಸಂಘದ ಪಾಲು ಬರೆಯಿರಿ. 12 ಜನ ತಲಾ 10 ದಿನ ಕೆಲಸ, ದಿನಕ್ಕೆ 400 ರೂಪಾಯಿ ಹಿಡಿದರೆ 48,000. ಜಾಗ ಮತ್ತು ಸೌದೆ 12,000. ಸೇರಿ 60,000. ಆಗ ಯೋಜನೆಯ ಒಟ್ಟು ವೆಚ್ಚ 2,10,000. ನಮ್ಮ ಹೆಂಗಸರು ತಮ್ಮ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ, "ಅದೆಂಥ, ನಾವು ಹೇಗೂ ಮಾಡ್ತೀವಲ್ಲ" ಅಂತಾರೆ. ಹಿಡಿಯಬೇಕು. ಆದರೆ ಬರೆದ ಮೇಲೆ ಹಾಜರಿ ಪುಸ್ತಕದಲ್ಲಿ ಆ 10 ದಿನ ಕಾಣಿಸಬೇಕು. ಎಲ್ಲವನ್ನೂ ರೂಪಾಯಿಯಲ್ಲಿ ಬರೆಯಿರಿ. ಡಾಲರ್, ಯೂರೋ ಬೆಲೆ ಏರಿಳಿಯುತ್ತದೆ, ಬ್ಯಾಂಕಿನವರೂ ಸ್ವಲ್ಪ ಹಿಡಿದುಕೊಳ್ಳುತ್ತಾರೆ, ಕೈಗೆ ಬರುವಾಗ ಕಡಿಮೆಯಾದರೆ ಯಾವ ಖರ್ಚು ಬಿಡುವುದು ಅಂತ ಮೊದಲೇ ಮಾತಾಡಿಕೊಂಡಿರಿ.

ಸಮಯದ ಪಟ್ಟಿಯ ವಿಷಯದಲ್ಲಿ ನಾನು ಸ್ವತಃ ಪೆಟ್ಟು ತಿಂದಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಅರ್ಜಿ ಬರೆದೆ, ಆರು ದಿನದ ತರಬೇತಿಯನ್ನು ಡಿಸೆಂಬರಿನಲ್ಲಿ ಹಾಕಿದೆ. ಹಣ ಬಂತು, ತರಬೇತಿ ಕೊಡುವವರೂ ಬಂದರು, ಹಾಲ್‌ನಲ್ಲಿ ಇದ್ದದ್ದು ನಾನು ಮತ್ತು ಮೂರು ಜನ. ಉಳಿದವರೆಲ್ಲ ಕಾಫಿ ಕುಯ್ಲಿಗೆ ಹೋಗಿದ್ದರು. ನವೆಂಬರಿನಿಂದ ಅರೇಬಿಕಾ, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ, ಅದರ ಹಿಂದೆಯೇ ಕಾಳುಮೆಣಸು. ವರ್ಷದಲ್ಲಿ ಕೈಗೆ ನಾಲ್ಕು ಕಾಸು ಜಾಸ್ತಿ ಬರುವ ತಿಂಗಳುಗಳು ಅವು. ಆ ದಿನಗೂಲಿ ಬಿಟ್ಟು ಯಾರು ಬರುತ್ತಾರೆ? ಬರಬೇಕು ಅನ್ನುವುದೂ ತಪ್ಪು. ಹೊರದೇಶದವರ ವರ್ಷ ಹೆಚ್ಚಾಗಿ ಜನವರಿಯಿಂದ ಡಿಸೆಂಬರ್, ನಮ್ಮ ಸರ್ಕಾರದ್ದು ಏಪ್ರಿಲಿನಿಂದ ಮಾರ್ಚ್, ನಮ್ಮ ತೋಟದ ವರ್ಷ ಬೇರೆಯೇ. ಈ ಮೂರನ್ನೂ ಒಂದು ಕಾಗದದ ಮೇಲೆ ಬರೆದುಕೊಂಡು, ತರಬೇತಿ ಏಪ್ರಿಲ್‌ನಲ್ಲಿ, ಪ್ರಯೋಗ ಜೂನ್ ಜುಲೈನಲ್ಲಿ, ವರದಿ ಸೆಪ್ಟೆಂಬರಿನಲ್ಲಿ ಅಂತ ಹಾಕಿದರೆ ಕೆಲಸ ಆಗುತ್ತದೆ.

ಅರ್ಜಿಯ ಭಾಷೆ ಬಗ್ಗೆ ಹೆದರಿಕೆ ಬೇಡ. ನೀವು ಕನ್ನಡದಲ್ಲಿ ಹೇಳಿ, ಇಂಗ್ಲಿಷಿಗೆ ಮಾಡುವ ಕೆಲಸ ಕಚೇರಿಯದ್ದು. ಆದರೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಮತ್ತೆ ಕನ್ನಡದಲ್ಲಿ ಓದಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿ. ನೀವು "ಮಾಡಿ ನೋಡ್ತೀವಿ" ಅಂದದ್ದು ಅಲ್ಲಿ "500 ಕುಟುಂಬಗಳ ಆದಾಯ ಎರಡು ಪಟ್ಟು ಮಾಡುತ್ತೇವೆ" ಅಂತ ಆಗಿರಬಹುದು. ಆಮೇಲೆ ಉತ್ತರ ಕೊಡಬೇಕಾದವರು ನೀವು. ಹಾಗೆಯೇ ಫೋಟೋ ವಿಷಯ. ಹರಿದ ಸೀರೆ, ಸೋರುವ ಮನೆ, ಮೂಗು ಸೋರುವ ಮಗು, ಇಂಥ ಫೋಟೋ ಕೇಳುವವರು ಇದ್ದಾರೆ. ಯಾರ ಫೋಟೋ ಕಳಿಸುವುದಾದರೂ ಅವರನ್ನು ಕೇಳಿ, ಎಲ್ಲಿಗೆ ಹೋಗುತ್ತದೆ ಅಂತ ಹೇಳಿ. ಬೇಡ ಅಂದರೆ ಬೇಡ. ಕೆಲಸ ಮಾಡುವ ಕೈಯ ಫೋಟೋ ಸಾಕು.

ಸಂಘದ ನಿರ್ಣಯ ಹೀಗೆ ಬರೆಯಬಹುದು: "ದಿನಾಂಕ ... ರಂದು ನಡೆದ ಸಭೆಯಲ್ಲಿ ಹಾಜರಿದ್ದ ... ಸದಸ್ಯೆಯರು ಹಲಸು ಒಣಗಿಸುವ ಪ್ರಯೋಗಕ್ಕೆ ಬೀಜಧನದ ಅರ್ಜಿ ಸಲ್ಲಿಸಲು ಒಪ್ಪಿದ್ದೇವೆ. ಹಣ ಸಂಸ್ಥೆಯ ಖಾತೆಗೆ ಬರುತ್ತದೆ ಎಂದೂ, ಸಂಘದ ಪಾಲು ತಲಾ 10 ದಿನದ ಕೆಲಸ ಎಂದೂ ನಮಗೆ ತಿಳಿಸಲಾಗಿದೆ. ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳಲಾಗಿದೆ." ಕೆಳಗೆ ಎಲ್ಲರ ಸಹಿ. ಇಬ್ಬರು ಪ್ರತಿನಿಧಿಗಳ ಸಹಿ ಮಾತ್ರ ಸಾಲದು.

ಹತ್ತಿರದ ಗಡಿ

ಗಡಿ ಅಂದಕೂಡಲೇ ವಿಮಾನ ನೆನಪಾಗಬೇಕಿಲ್ಲ. ಕೊಡಗು ದಾಟಿದರೆ ವಯನಾಡು. ಅಲ್ಲಿಯೂ ಕಾಫಿ, ಮೆಣಸು, ಹಲಸು, ಅದೇ ಮಳೆ. ಕೇರಳದಲ್ಲಿ 1998ರಲ್ಲಿ ಶುರುವಾದ ಕುಟುಂಬಶ್ರೀ ಅಡಿಯಲ್ಲಿ ಹೆಂಗಸರ ಗುಂಪುಗಳು ಸಣ್ಣ ಉದ್ಯಮಗಳನ್ನು ನಡೆಸುತ್ತಿವೆ. 2018ರಲ್ಲಿ ಆ ರಾಜ್ಯ ಹಲಸನ್ನು ರಾಜ್ಯದ ಹಣ್ಣು ಅಂತಲೇ ಘೋಷಿಸಿತು. ಮಳೆಗಾಲದಲ್ಲಿ ಒಣಗಿಸುವ ನಮ್ಮ ಪ್ರಶ್ನೆಗೆ ಜರ್ಮನಿಯವರಿಗಿಂತ ವಯನಾಡಿನವರಿಗೆ ಉತ್ತರ ಗೊತ್ತಿರುವ ಸಾಧ್ಯತೆ ಹೆಚ್ಚು. ಭಾರತದೊಳಗಿನ ಹಣದಲ್ಲಿ ಮಾಡಿದರೆ ಎಫ್‌ಸಿಆರ್‌ಎ ತೊಡಕೂ ಇಲ್ಲ. ನೆನಪಿರಲಿ, ವಿದೇಶದಿಂದ ಬಂದ ಹಣ ರೂಪಾಯಿಗೆ ಬದಲಾದ ಮೇಲೂ ಕಾನೂನಿನ ಲೆಕ್ಕದಲ್ಲಿ ವಿದೇಶಿ ದೇಣಿಗೆಯೇ.

ಸರ್ಕಾರದ ಬೀಜಧನವನ್ನೂ ಮರೆಯಬೇಡಿ. 2020ರಲ್ಲಿ ಕೇಂದ್ರ ಸರ್ಕಾರ ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗಾಗಿ ಪಿಎಂಎಫ್‌ಎಂಇ ಅನ್ನುವ ಯೋಜನೆ ತಂದಿತು. ಅದರಲ್ಲಿ ಆಹಾರ ತಯಾರಿಸುವ ಸ್ವಸಹಾಯ ಸಂಘದ ಸದಸ್ಯೆಗೆ ತಲಾ 40,000 ರೂಪಾಯಿ, ಒಂದು ಸಂಘದಲ್ಲಿ 10 ಜನರವರೆಗೆ, ಬೀಜಧನ ಇಟ್ಟರು. ಹಣ ಒಕ್ಕೂಟಕ್ಕೆ ಬಂದು ಅಲ್ಲಿಂದ ಸಂಘಕ್ಕೆ ಸಾಲದ ರೂಪದಲ್ಲಿ ಹೋಗುವ ಕ್ರಮ, ಅಂದರೆ ಒಕ್ಕೂಟಕ್ಕೆ ತೀರಿಸಬೇಕು. ಇದಕ್ಕೆ ಸಂಘ ಸಂಜೀವಿನಿಯ ಪಟ್ಟಿಯಲ್ಲಿರಬೇಕು. ಇಂಥ ಯೋಜನೆಗಳಿಗೆ ಅವಧಿ ಇರುತ್ತದೆ, ಆದ್ದರಿಂದ ಈ ವರ್ಷ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಅಂತ ತಾಲ್ಲೂಕು ಪಂಚಾಯಿತಿಯ ಸಂಜೀವಿನಿ ವಿಭಾಗದಲ್ಲಿ ಕೇಳಿ ಮುಂದುವರಿಯಿರಿ.

ಮೋಸದ ಕರೆ ಬಂದರೆ

ಮೊದಲು ಹೇಳಿದ ಸಂದೇಶಕ್ಕೆ ಮತ್ತೆ ಬರೋಣ. ನಿಜವಾದ ದಾನಿಗಳು ಫೈಲ್ ಚಾರ್ಜ್, ಡಾಲರ್ ಬದಲಿಸುವ ಚಾರ್ಜ್, ರಿಸರ್ವ್ ಬ್ಯಾಂಕಿನ ಚಾರ್ಜ್ ಅಂತ ಹಣ ಕೇಳುವುದಿಲ್ಲ. ರಿಸರ್ವ್ ಬ್ಯಾಂಕ್ ಜನರ ಖಾತೆಗೆ ಬಹುಮಾನ, ನಿಧಿ ಹಾಕುವುದೂ ಇಲ್ಲ, ಈ ಬಗ್ಗೆ ಅವರೇ ಹಲವು ಸಲ ಎಚ್ಚರಿಕೆ ಕೊಟ್ಟಿದ್ದಾರೆ. ಅರ್ಜಿಯನ್ನೇ ಹಾಕದ ಸಂಘಕ್ಕೆ ಮಂಜೂರು ಹೇಗಾಗುತ್ತದೆ?

ಇನ್ನೊಂದು ಥರದವರು ಹಣ ಕೇಳುವುದಿಲ್ಲ, ಪಾಸ್ ಬುಕ್, ಎಟಿಎಂ ಕಾರ್ಡ್, ಸಿಮ್ ಕೇಳುತ್ತಾರೆ. "ನಿಮ್ಮ ಸಂಘದ ಖಾತೆಗೆ ನಮ್ಮ ಹಣ ಬರುತ್ತೆ, ಕಮಿಷನ್ ಕೊಡ್ತೀವಿ" ಅನ್ನುತ್ತಾರೆ. ಇವರು ಇನ್ನೂ ಅಪಾಯ. ಬೇರೆಯವರಿಗೆ ಮೋಸ ಮಾಡಿದ ಹಣ ನಿಮ್ಮ ಖಾತೆಯಲ್ಲಿ ಹಾದುಹೋದರೆ ಖಾತೆ ಸ್ಥಗಿತವಾಗುತ್ತದೆ, ಪೊಲೀಸರು ಹುಡುಕಿಕೊಂಡು ಬರುವುದು ಸಹಿ ಹಾಕಿದ ನಿಮ್ಮನ್ನು. ಆಗಲೇ ಹಣ ಕಳಿಸಿಬಿಟ್ಟಿದ್ದರೆ ನಾಚಿಕೆ ಪಟ್ಟು ಸುಮ್ಮನೆ ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಯುವ ಅವಕಾಶ ಹೆಚ್ಚು.

ಬೀಜಧನದ ಅರ್ಜಿಗೆ ಮನಸ್ಸಿರುವ ಸಂಘಗಳು ಮುಂದಿನ ತಾಲ್ಲೂಕು ಒಕ್ಕೂಟ ಸಭೆಗೆ ಬರುವಾಗ ನಡಾವಳಿ ಪುಸ್ತಕ, ಕಳೆದ ವರ್ಷದ ಜಮಾ ಖರ್ಚು, ಸಾಲ ಮರುಪಾವತಿಯ ಲೆಡ್ಜರ್ ತನ್ನಿ. ಯಾವ ವಿಷಯ ಮಾಡಿ ನೋಡಬೇಕು ಅಂತಿದ್ದೀರಿ ಅನ್ನುವುದನ್ನು ಒಂದು ಪುಟ ಕನ್ನಡದಲ್ಲಿ ಬರೆದು ತನ್ನಿ, ತೂಕ ಮಾಡಿ ನೋಡಿದ್ದರೆ ಆ ಚೀಟಿಯನ್ನೂ. ಬರೆಯಲು ಬಾರದವರು ಬಾಯಲ್ಲೇ ಹೇಳಿ, ನಾವು ಬರೆದುಕೊಳ್ಳುತ್ತೇವೆ. ದಯವಿಟ್ಟು ದೀಪಾವಳಿಗೆ ಮುಂಚೆ ಬನ್ನಿ, ಕುಯ್ಲು ಶುರುವಾದ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ.